ಲೈಡನ್ನಿನ ಜಾಡಿ ಮತ್ತು ವೆಸಲ್ ಬರೆದ ಪತ್ರ

"ಅದು ತಪ್ಪು!"

ಯೋರಿನ್ ಮಾತು ಅರ್ಧಕ್ಕೇ ನಿಂತಿತು.

ಲೈಡನ್ ಊರಿನ ಆ ಪುಟ್ಟ ವಿಜ್ಞಾನ ಸಂಗ್ರಹಾಲಯದಲ್ಲಿ ಪ್ರತಿ ಭಾನುವಾರ ಅವಳದೇ ಪ್ರದರ್ಶನ. ಬಂದವರು ಕೈಕೈ ಹಿಡಿದು ನಿಲ್ಲುತ್ತಿದ್ದರು. ವಿದ್ಯುತ್ ತುಂಬಿದ ಗಾಜಿನ ಜಾಡಿಯನ್ನು ಮೊದಲನೆಯವರು ಹಿಡಿದು, ಅದರ ಲೋಹದ ಸರಳನ್ನು ಕೊನೆಯವರು ಮುಟ್ಟಿದೊಡನೆ ಎಲ್ಲರೂ ಒಟ್ಟಿಗೇ ಬೆಚ್ಚಿ ನಗುತ್ತಿದ್ದರು. ಆಮೇಲೆ ಅವಳ ಕಥೆ ಶುರು.

"ಏನು ತಪ್ಪು?" ಎಂದಳು.

"ಇಂಥ ಜಾಡಿ ಮೊದಲು ಹುಟ್ಟಿದ್ದು ನಮ್ಮೂರಲ್ಲೇ ಅಂದ್ರಲ್ಲ... ಅಲ್ಲ. ಅದಕ್ಕೂ ಮೂರು ತಿಂಗಳು ಮುಂಚೆಯೇ ಬಾಲ್ಟಿಕ್ ತೀರದಲ್ಲಿ ಚರ್ಚಿನ ಒಬ್ಬ ಅಧಿಕಾರಿ ಇದನ್ನೇ ಮಾಡಿದ್ದ."

ಹೀಗೆಂದವನು ಎತ್ತರದ ಆಳು, ಕೆದರಿದ ಕೂದಲು. ಹೆಸರು ವೆಸಲ್; ವಿಜ್ಞಾನದ ಇತಿಹಾಸ ಓದಿದವನು. ಜನ ಗುಸುಗುಸು ಎಂದರು. ಯೋರಿನ್‌ಳ ಮುಖ ಕೆಂಪಾಯಿತು. ಇಷ್ಟು ಜನರ ಮುಂದೆಯೇ ಹೇಳಬೇಕಿತ್ತಾ?

ಆದರೂ ಅವನು ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಹಿಂದೆ ನಿಂತು ಸುಮ್ಮನೆ ಕೇಳಿ ಹೋದ. ಅವನು ಬಂದನೋ ಇಲ್ಲವೋ ಎಂದು ತನ್ನ ಕಣ್ಣು ಹುಡುಕುವುದು ಅವಳಿಗೇ ಗೊತ್ತಾಗತೊಡಗಿತ್ತು.

ಅಷ್ಟರಲ್ಲಿ ಮುಖ್ಯಸ್ಥೆ ಹಾವರ್‌ಕಾಂಪ್ ಅವಳನ್ನು ಕರೆಸಿದರು.

"ಯೋರಿನ್, ನಿನ್ನ ಪ್ರದರ್ಶನ ತೆಗೆದು ಅಲ್ಲಿ ವಿಡಿಯೊ ಪರದೆ ಹಾಕೋಣ ಅಂತಿದೆ ಸಮಿತಿ. ಗುರುವಾರ ತೀರ್ಮಾನ."

ಮೇಜಿನ ಮೇಲೆ ಸಮಿತಿಗೆ ಬಂದ, ಇನ್ನೂ ಒಡೆಯದ ಒಂದು ಲಕೋಟೆ. ಕಳಿಸಿದವರ ಜಾಗದಲ್ಲಿ ವೆಸಲ್‌ನ ಹೆಸರು!

'ಓಹೋ... ದೂರು ಕೊಟ್ಟಿದ್ದಾನೆ!' ಅವಳ ಎದೆ ಉರಿಯಿತು.

ಮರುದಿನ ಮೀನಿನಂಗಡಿಯ ಮುಂದೆ ಅವನೇ ಎದುರಾದ.

"ಈಗ ಸಮಾಧಾನ ಆಯ್ತಾ ನಿಮ್ಗೆ? ನನ್ನ ಕೆಲಸ ಕಳೆದ್ರಲ್ಲ!"

ಅವನು ಬಾಯಿ ತೆರೆಯುವ ಮೊದಲೇ ಸೈಕಲ್ ಹತ್ತಿ ಹೋಗಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಹಾವರ್‌ಕಾಂಪ್ ನಗುತ್ತಲೇ ಒಳಗೆ ಬಂದರು.

"ಪ್ರದರ್ಶನ ಉಳೀತು ಕಣೇ! ವೆಸಲ್ ಬರೆದ ಈ ಪತ್ರ ಓದಿದ ಮೇಲೆ ಸಮಿತಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ತಗೋ, ನೀನೂ ಓದು."

'ಜಾಡಿಯ ಪ್ರದರ್ಶನ ನಿಲ್ಲಬಹುದೆಂದು ಕೇಳಿ ಬರೆಯುತ್ತಿದ್ದೇನೆ. ಹನ್ನೊಂದು ವರ್ಷ ವಿದ್ಯುತ್ತಿನ ಇತಿಹಾಸ ಓದಿದ್ದೇನೆ. ನನ್ನ ಪುಸ್ತಕ ಓದಿದವರು ನಲವತ್ತು ಜನ ಇರಬಹುದು. ನಾನು ಮೊದಲ ಸಲ ಬಂದ ಭಾನುವಾರ ನನ್ನ ಕೈ ಹಿಡಿದು ನಿಂತಿದ್ದ ಅಜ್ಜಿ, "ಹಾಗಾದ್ರೆ ಮಿಂಚೂ ಇದೇನಾ?" ಎಂದು ಕೇಳಿದರು. ನನ್ನ ಪುಸ್ತಕ ಯಾರಲ್ಲೂ ಅಂಥ ಪ್ರಶ್ನೆ ಹುಟ್ಟಿಸಿಲ್ಲ. ಈಕೆಯನ್ನು ದಯವಿಟ್ಟು ನಿಲ್ಲಿಸಬೇಡಿ.'

ಅಕ್ಷರಗಳು ಮಂಜಾದವು. ಅಯ್ಯೋ... ಏನೆಲ್ಲ ಅಂದುಬಿಟ್ಟೆ!

ಲಕೋಟೆಯ ಮೇಲಿದ್ದ ವಿಳಾಸ ಹಿಡಿದು ಕಾಲುವೆ ಪಕ್ಕದ ಅವನ ಮನೆ ತಲುಪುವಷ್ಟರಲ್ಲಿ ಅವಳಿಗೆ ಏದುಸಿರು. ವೆಸಲ್ ಕೈಯಲ್ಲಿ ಸೌಟು ಹಿಡಿದೇ ಬಾಗಿಲು ತೆರೆದ.

"ತಪ್ಪನ್ನ ಎಲ್ಲರ ಮುಂದೆ ಹೇಳಿದ್ರಿ. ಒಳ್ಳೇದನ್ನ ಮಾತ್ರ ಕದ್ದು ಪತ್ರದಲ್ಲಿ ಬರೆದ್ರಿ. ಇದ್ಯಾವ ನ್ಯಾಯ?"

ಅವನು ತಲೆ ತಗ್ಗಿಸಿದ. "ತಪ್ಪು ಹೇಳೋಕೆ ಪುಸ್ತಕ ಓದಿದ್ರೆ ಸಾಕು. ಇನ್ನೊಂದನ್ನ ಹೇಳೋಕೆ... ಧೈರ್ಯ ಬೇಕಲ್ಲ."

"ನನ್ನನ್ನ ಕ್ಷಮಿಸಿ. ಅವತ್ತು ಬೀದೀಲಿ ಹಾಗೆ ಅನ್ಬಾರ್ದಿತ್ತು. ಆ ಬಾಲ್ಟಿಕ್ ತೀರದವರ ಹೆಸರನ್ನೂ ಇನ್ಮೇಲೆ ಹೇಳ್ತೀನಿ." ಅವಳು ಉಸಿರು ಬಿಗಿಹಿಡಿದಳು. "ಈಗ ಆ ಇನ್ನೊಂದನ್ನ ನೀವು ಹೇಳಿ."

"ಎರಡನೇ ಭಾನುವಾರ ಬಂದಿದ್ದು ಜಾಡಿ ನೋಡೋಕಲ್ಲ, ಯೋರಿನ್. ನಿಮ್ಮನ್ನ ನೋಡೋಕೆ. ನೀವಂದ್ರೆ ನಂಗೆ ತುಂಬ ಇಷ್ಟ."



"ನನಗೂ ಇಷ್ಟ," ಎಂದಳು ಮೆಲ್ಲಗೆ. "ಇನ್ನು ಈ 'ನೀವು' ಬೇಡ."

"ಸರಿ... ಬಟಾಣಿ ಸೂಪ್ ಮಾಡಿದೀನಿ. ಕುಡೀತೀಯಾ?"

"ಕುಡೀತೀನಿ. ಆದ್ರೆ ಬೇಗ ಎದ್ದು ಹೋಗಲ್ಲ ನೋಡು."

"ಹೋಗ್ಬೇಡ," ಎಂದ ವೆಸಲ್.