ಏಳು ಮೆಟ್ಟಿಲಿನ ಕಡವು

ವಾರವಿಡೀ ಸುರಿದ ಮಳೆ ಆ ದಿನ ಬೆಳಿಗ್ಗೆ ಬಿಟ್ಟಿತ್ತು. ತೆಂಗಿನ ಗರಿಗಳಿಂದ ಮಾತ್ರ ಹನಿ ಟಪ್ ಟಪ್ ಎಂದು ಉದುರುತ್ತಿತ್ತು. ಹಾಲು ಹಾಕದ ಚಹಾದಂತೆ ಕೆಂಪಗಿದ್ದ ಹೊಳೆ ತುಂಬಿ ನಿಂತಿತ್ತು. ದೋಣಿ ಹತ್ತುವ ಕಡವಿನ ಏಳು ಮೆಟ್ಟಿಲುಗಳಲ್ಲಿ ಎರಡೇ ಎರಡು ಕಾಣುತ್ತಿದ್ದವು.

"ಹೂ ತಟ್ಟೆ ಗಟ್ಟಿ ಹಿಡ್ಕೊ ಮಗೂ. ಮೀನುಗಳು ಪೂಜೆ ಮಾಡುವುದು ಬೇಡ," ಎಂದ ಧರ್ಮಪಾಲ, ಬಿದಿರ ಗಳ ಊರಿ ದೋಣಿಯನ್ನು ದೂಡುತ್ತ.

ಶಾರ್ಲೆಟ್ ನಕ್ಕಳು. ಅವಳ ಮಡಿಲಲ್ಲಿ ದಾಸವಾಳ, ಗೋರಂಟೆ, ಗದ್ದೆಬದಿಯ ಕಾಡುಹೂ ತುಂಬಿದ ತಟ್ಟೆ ಇತ್ತು. ತೆನೆ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂ ಒಯ್ದು ಮಾತೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಅಂದು ಎರಡನೇ ದಿನ.

ಆಗ ಆ ಕುದ್ರುವಿಗೆ ಸೇತುವೆ ಇರಲಿಲ್ಲ. ಹೊಳೆಯ ನಡುವಿನ ಆ ತುಂಡು ನೆಲದಲ್ಲಿ ನಾಲ್ಕು ಮನೆ, ಒಂದಿಷ್ಟು ಗದ್ದೆ, ಮತ್ತೆ ಬರೀ ತೆಂಗು. ಶಾಲೆಗಾಗಲಿ, ಅಂಗಡಿಗಾಗಲಿ, ಇಗರ್ಜಿಗಾಗಲಿ ಧರ್ಮಪಾಲನ ದೋಣಿಯೇ ಗತಿ. ಹೂವಿನ ಒಂಬತ್ತು ದಿನ ಅವನು ಮಕ್ಕಳಿಂದ ದೋಣಿಯ ಚಿಲ್ಲರೆ ಮುಟ್ಟುತ್ತಿರಲಿಲ್ಲ. ಬದಲಿಗೆ ಹಬ್ಬದ ದಿನ ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ಭತ್ತದ ತೆನೆಯೊಂದನ್ನು ಕುದ್ರುವಿನ ಒಂದು ಮಗು ತಂದು ಅವನ ಕೈಗೆ ಕೊಡಬೇಕು. ಅವನು ಅದನ್ನು ದೋಣಿಯ ಮೂತಿಗೆ ಕಟ್ಟುತ್ತಿದ್ದ. ಅವನ ಅಜ್ಜನ ಕಾಲದಿಂದಲೂ ಹಾಗೆಯೇ. ಒಂದು ವರ್ಷ ಒಂದು ಮನೆಯ ಸರದಿ.

ಹೋದ ವರ್ಷ ಶಾರ್ಲೆಟ್ ಮನೆಯ ಸರದಿ ಇತ್ತು. ದೋಣಿಯ ಮೂತಿಯಲ್ಲಿ ಈಗ ಬರೀ ಹಳೇ ದಾರ ನೇತಾಡುತ್ತಿತ್ತು. ಶಾರ್ಲೆಟ್ ಆ ಕಡೆ ನೋಡಲಿಲ್ಲ.

"ಧರ್ಮಪಾಲ, ಇನ್ನು ನಿನಗೆ ಸ್ವಲ್ಪ ರೆಸ್ಟ್," ಎಂದರು ಎದುರು ಕುಳಿತಿದ್ದ ಪಪ್ಪ. ಹನ್ನೊಂದು ವರ್ಷ ಬಹರೈನಿನಲ್ಲಿದ್ದು ಹೋದ ತಿಂಗಳಷ್ಟೇ ಬಂದಿದ್ದ ಪಪ್ಪ ಲಿಯೋನೆಲ್‌ಗೆ ಎಲ್ಲವೂ ನಿಧಾನ ಅನಿಸುತ್ತಿತ್ತು. "ಇವತ್ತು ಬೋಟ್ ನೋಡ್ಲಿಕ್ಕೆ ಹೋಗ್ತಾ ಇದ್ದೇವೆ. ಎಂಜಿನ್ ಇರುವ ಬೋಟ್! ಅಮ್ಮನನ್ನು ಕೂರಿಸಿಕೊಂಡು ತೆನೆ ಹಬ್ಬಕ್ಕೆ ಹೋಗುವುದೇ." ಅವರು ಅಮ್ಮ ಎಂದದ್ದು ಶಾರ್ಲೆಟ್‌ಳ ಅಜ್ಜಿ ವೆರೊನಿಕಾರನ್ನು.

"ಒಳ್ಳೇದಾಯ್ತು ಪೊರ್ಬುಗಳೇ," ಎಂದ ಧರ್ಮಪಾಲ. ಕುದ್ರುವಿನ ಕ್ರಿಸ್ತುವರನ್ನೆಲ್ಲ ಅವನು ಕರೆಯುವುದು ಹಾಗೆ. "ವೆರೊನಿಕಾ ಬಾಯಮ್ಮ ಎರಡು ವರ್ಷದಿಂದ ಹಬ್ಬಕ್ಕೆ ಬರಲಿಲ್ಲ. ನನ್ನ ದೋಣಿಯಲ್ಲಿ ಕೆಳಗೆ ಕೂರಲಿಕ್ಕೆ ಅವರ ಮೊಣಕಾಲು ಬಗ್ಗುವುದಿಲ್ಲವಲ್ಲ."

ಅವನ ಗಳ ಮತ್ತೆ ನೀರಿಗಿಳಿಯಿತು.

ಅಂದು ಶನಿವಾರ, ಅರ್ಧ ದಿನದ ಶಾಲೆ. ಮಧ್ಯಾಹ್ನ ಅವರಿಬ್ಬರೂ ಮೊದಲು ಹೋದದ್ದು ಕಟಪಾಡಿಯ ಕಡೆ, ಹೊಳೆಬದಿಯ ಇಮೆಲ್ಡಾ ಬಾಯಿಯ ಮನೆಗೆ. ಅಲ್ಲಿ ಹಲಸಿನ ಮರದ ಕೆಳಗೆ ಒಂದು ಮರದ ದೋಣಿ ಇತ್ತು. ಬಣ್ಣ ಬೆಲ್ಲದಂತೆ, ಹೊಟ್ಟೆ ರೊಟ್ಟಿ ಹಂಚಿನಂತೆ ಚಪ್ಪಟೆ. ಹಿಂದೆ ಒಂದು ಪುಟ್ಟ ಎಂಜಿನ್.

"ಚಂದ ಇಲ್ಲ, ನಾನೇ ಹೇಳ್ತೇನೆ," ಎಂದರು ಇಮೆಲ್ಡಾ ಬಾಯಿ. "ಮಾಡು ಇಲ್ಲ, ಮಳೆ ಬಂದರೆ ಕೊಡೆ ಹಿಡೀಬೇಕು. ಆದರೆ ನೀರು ಕಮ್ಮಿಯಾದರೆ ಎಂಜಿನನ್ನು ಹೀಗೆ ಮೇಲೆ ಎತ್ತಿಡಬಹುದು, ಅಲ್ವಾ? ಇಪ್ಪತ್ತೆಂಟು ಸಾವಿರ ಕೊಡಿ."

"ನೋಡುವಾ ಬಾಯಿ," ಎಂದರು ಪಪ್ಪ. ದಾರಿಯಲ್ಲಿ ಶಾರ್ಲೆಟ್‌ಗೆ ಕೇಳುವಂತೆ ಗೊಣಗಿದರು, "ಗಲ್ಫಿನಿಂದ ಬಂದವನು ಇದರಲ್ಲಿ ಹೋದರೆ ಜನ ನಗಾಡ್ತಾರೆ."

ಆಮೇಲೆ ಮಲ್ಪೆಗೆ ಹೋದರು. ಅಲ್ಲಿ ಶಾರ್ಲೆಟ್ ಆ ಬೋಟನ್ನು ನೋಡಿದಳು.

ನೀಲಿ! ಮಿಂಚುಳ್ಳಿಯ ಬೆನ್ನಿನ ನೀಲಿ. ಫೈಬರ್ ಬೋಟ್. ಬಿಳಿ ಮಾಡು, ಕುಶನ್ ಸೀಟು, ಸ್ಟೀರಿಂಗ್ ಕೂಡ ಇತ್ತು. ಪಪ್ಪನ ಬಳಿ ಇದ್ದದ್ದು ನಲವತ್ತು ಸಾವಿರ. ಬೋಟಿನ ದಲ್ಲಾಳಿ ಹೇಳಿದ್ದು ನಲವತ್ತೈದು.

"ಉಳಿದದ್ದಕ್ಕೆ ಬಹರೈನಿನ ದೊಡ್ಡ ಟೇಪ್ ರೆಕಾರ್ಡರ್ ಮಾರಿದರಾಯ್ತು," ಎಂದರು ಪಪ್ಪ. ಅವರ ಕಣ್ಣೂ ಶಾರ್ಲೆಟ್‌ಳ ಕಣ್ಣಿನಂತೆಯೇ ಹೊಳೆಯುತ್ತಿತ್ತು.

ದಲ್ಲಾಳಿ ಅವರನ್ನು ಅದೇ ಬೋಟಿನಲ್ಲಿ ಕೂರಿಸಿ ಹೊಳೆಯಲ್ಲಿ ಮೇಲಕ್ಕೆ, ಅವರ ಕುದ್ರುವಿನವರೆಗೂ ಕರೆತಂದ. ಗಾಳಿಗೆ ಶಾರ್ಲೆಟ್‌ಳ ರಿಬ್ಬನ್ ಹಾರಿತು. ಸಂಜೆ ಐದರ ಹೊತ್ತಿಗೆ ಹೊಳೆ ಬೆಳಗಿನಂತೆ ಮತ್ತೆ ತುಂಬಿತ್ತು. ಬೋಟು ಬಂದು ಮೇಲಿನ ಮೆಟ್ಟಿಲಿಗೇ ಮುತ್ತಿಟ್ಟು ನಿಂತಿತು.

"ಕಂಡಿಯಾ? ಅಮ್ಮ ಮನೆಯಿಂದ ಇಳಿದು ಸೀದಾ ಸೀಟಿಗೆ!" ಎಂದರು ಪಪ್ಪ. "ಶುಕ್ರವಾರ ಅಡ್ವಾನ್ಸ್ ಕೊಡ್ತೇನೆ."

ಶಾರ್ಲೆಟ್ ಬಗ್ಗಿ ನೀರಿನೊಳಗೆ ನೋಡಿದಳು. ಬೋಟಿನ ಹೊಟ್ಟೆಯ ಚೂಪು ಅಡಿ ಆಳಕ್ಕೆ ಇಳಿದಿತ್ತು. ಅದರ ಹಿಂದೆ, ಇನ್ನೂ ಕೆಳಗೆ, ಎಂಜಿನಿನ ಫ್ಯಾನು. ಅದನ್ನು ಎತ್ತಲು ಬರುವುದಿಲ್ಲ.

ಅವಳು ಬೆರಳು ಮಡಚಿ ದಿನ ಎಣಿಸಿದಳು.

ಇವತ್ತು ಅಷ್ಟಮಿ. ಅಷ್ಟಮಿಯ ಹೊತ್ತಿಗೆ ಬೆಳಿಗ್ಗೆ, ಸಂಜೆ ನೀರು ತುಂಬಿರುತ್ತದೆ. ಅಮಾವಾಸ್ಯೆ ಹತ್ತಿರ ಬಂದಂತೆ ಬೆಳಗಿನ ನೀರು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಗುತ್ತದೆ. ಅಮಾವಾಸ್ಯೆಗೆ ಏಳೂ ಮೆಟ್ಟಿಲು ಬಯಲು, ಕೆಳಗೆ ಮೊಣಕಾಲುದ್ದ ನೀರು, ಅದರಡಿ ಕೆಸರು. ಇದನ್ನು ಅವಳಿಗೆ ಕಲಿಸಿದ್ದು ದೋಣಿಯ ಧರ್ಮಣ್ಣ, ಒಂದನೇ ಕ್ಲಾಸಿನಲ್ಲಿ ಅವಳಿಗೆ ಎಣಿಸಲು ಬಂದ ಕೂಡಲೇ. ಕ್ಯಾಲೆಂಡರಿನಲ್ಲಿ ಮುಂದಿನ ಶನಿವಾರ ಅಮಾವಾಸ್ಯೆ. ಆದಿತ್ಯವಾರ ತೆನೆ ಹಬ್ಬ. ಪೂಜೆ ಏಳು ಗಂಟೆಗೆ.

ಮಮ್ಮಿ ಇದ್ದಿದ್ದರೆ ಕೂಡಲೇ ಹೇಳುತ್ತಿದ್ದರು. ಆದರೆ ಅವರು ತಮ್ಮ ತಂಗಿಯ ಬಾಣಂತನಕ್ಕೆ ಕಾರ್ಕಳಕ್ಕೆ ಹೋಗಿದ್ದರು. ಪಪ್ಪನಿಗೆ ಹೊಳೆ ಮರೆತುಹೋಗಿತ್ತು.

'ಹೇಳಿದರೆ ನೀಲಿ ಬೋಟು ಹೋಯಿತು,' ಅಂದುಕೊಂಡಳು ಶಾರ್ಲೆಟ್. ಹಾಗಾಗಿ ಹೇಳಲಿಲ್ಲ.

ಸೋಮವಾರ ಶಾಲೆಯಲ್ಲಿ ಅವಳು ಪಕ್ಕದ ಶಿಲ್ಪಾಳಿಗೆ ಎಲ್ಲವನ್ನೂ ವರ್ಣಿಸಿದಳು. ಶಿಲ್ಪಾಳ ಅಪ್ಪ ಹನುಮಪ್ಪ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು.

"ಖರೇನ?" ಶಿಲ್ಪಾಳ ಕಣ್ಣು ಅಗಲವಾದವು. "ಸ್ಟೀರಿಂಗೂ ಐತಿ? ನನ್ನೂ ಕರ್ಕೊಂಡ್ ಹೋಗ್ತೀಯೇನ?"

"ಪ್ರಾಮಿಸ್. ಆದಿತ್ಯವಾರ ಬೆಳಿಗ್ಗೆ ಆಚೆ ದಡದಲ್ಲಿ ನಿಂತಿರು."

ಹೇಳಿದ ಮೇಲೆ ನೀಲಿ ಬೋಟು ಇನ್ನಷ್ಟು ತನ್ನದಾದಂತೆ ಅನಿಸಿತು. ಆದರೆ ಬೆಳಿಗ್ಗೆ ಹೂ ತಟ್ಟೆ ಹಿಡಿದು ಕಡವಿಗಿಳಿದಾಗಲೆಲ್ಲ ಮೆಟ್ಟಿಲುಗಳು ಅವಳನ್ನೇ ಕಾಯುತ್ತಿದ್ದವು. ಮಂಗಳವಾರ ಮೂರು. ಬುಧವಾರ ನಾಲ್ಕು. ಪಪ್ಪ ತಡವಾಗಿ ಏಳುತ್ತಿದ್ದರು. ಅವರು ಏಳುವ ಹೊತ್ತಿಗೆ ನೀರು ಮತ್ತೆ ಏರಿರುತ್ತಿತ್ತು.

"ಧರ್ಮಣ್ಣ, ನೀವು ಪಪ್ಪನ ಹತ್ರ ಎಂತಾದ್ರೂ ಹೇಳಿದ್ರಾ?" ಎಂದು ಬುಧವಾರ ಮೆಲ್ಲಗೆ ಕೇಳಿದಳು.

"ಎಂತ ಹೇಳುವುದು ಮಗೂ?" ಅವನು ಗಳದಿಂದ ಕೆಸರು ಕೊಡವಿದ. "ದೋಣಿಯವನು ಬೋಟು ಬೇಡ ಅಂದರೆ, ಅವನ ಹೊಟ್ಟೆ ಮಾತಾಡ್ತದೆ ಅಂತ ಹೇಳ್ತಾರೆ."

ಅದೇ ಸಂಜೆ ಅಜ್ಜಿ ವೆರೊನಿಕಾ ಪೆಟ್ಟಿಗೆಯಿಂದ ತಮ್ಮ ಹಬ್ಬದ ಸೀರೆ ತೆಗೆದು ನಾಫ್ತಲಿನ್ ಗುಳಿಗೆಯ ವಾಸನೆ ಹೋಗಲೆಂದು ಗಾಳಿಗೆ ಹರವಿದ್ದರು. ಆಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತರು.

"ಈ ಸಲ ಮಾತೆಯ ಮುಖ ನೋಡ್ತೇನೆ," ಎಂದರು, ಮೊಣಕಾಲಿಗೇ ಹೇಳುವವರಂತೆ. "ಎರಡು ವರ್ಷ ಇಲ್ಲಿಂದಲೇ ಗಂಟೆ ಕೇಳಿಸಿಕೊಂಡೆ. ಸಾಕು. ಮಗಳೇ, ಪ್ರಾರ್ಥನೆ ಪುಸ್ತಕ ತಕೊಂಡು ಬಾ. ನನಗೆ ಅಕ್ಷರ ಕಾಣುವುದಿಲ್ಲ, ನೀನು ಓದು."

ಶಾರ್ಲೆಟ್ ತನ್ನ ಪುಸ್ತಕ ತೆರೆದಳು. ಹಾಳೆಗಳ ನಡುವಿನಿಂದ ಒಂದು ಒಣ ತೆನೆ ಜಾರಿ ಅಜ್ಜಿಯ ಮಡಿಲಿಗೆ ಬಿತ್ತು.

ಹೋದ ವರ್ಷದ ತೆನೆ. ಧರ್ಮಣ್ಣನಿಗೆಂದು ಕೊಟ್ಟದ್ದು. ಅದು ಎಷ್ಟು ಉದ್ದ, ಎಷ್ಟು ಚಂದ ಇತ್ತೆಂದರೆ ಕೊಡಲು ಮನಸ್ಸಾಗಿರಲಿಲ್ಲ. 'ನಾಳೆ ಕೊಟ್ಟರಾಯಿತು' ಎಂದು ಪುಸ್ತಕದಲ್ಲಿ ಇಟ್ಟಿದ್ದಳು. ನಾಳೆ ನಾಳಿದ್ದಾಯಿತು. ಧರ್ಮಣ್ಣ ಕೇಳಲೇ ಇಲ್ಲ. ಆಮೇಲೆ ಕೊಡಲು ನಾಚಿಕೆಯಾಯಿತು.

ಅಜ್ಜಿ ತೆನೆಯನ್ನು ಬೆರಳುಗಳಿಂದ ಮುಟ್ಟಿ ಮುಟ್ಟಿ ನೋಡಿದರು. ಯಾರದ್ದೆಂದು ಅವರಿಗೆ ತಿಳಿಯಿತೋ ಏನೋ. ಬೈಯಲಿಲ್ಲ.

"ಒಂದು ಕಾಳೂ ಉದುರಲಿಲ್ಲ ನೋಡು," ಎಂದಷ್ಟೇ ಹೇಳಿ ಅದನ್ನು ಪುಸ್ತಕದೊಳಗೆ ಇಟ್ಟುಕೊಟ್ಟರು. "ಓದು ಮಗಳೇ."

ಶಾರ್ಲೆಟ್ ಓದಿದಳು. ಆದರೆ ಸಾಲುಗಳ ನಡುವೆ ಅವಳಿಗೆ ಕಾಣುತ್ತಿದ್ದದ್ದು ಕೆಸರಿನಲ್ಲಿ ಹೂತು ನಿಂತ ನೀಲಿ ಬೋಟು, ಅದರ ಕುಶನ್ ಸೀಟಿನಲ್ಲಿ ಹಬ್ಬದ ಸೀರೆ ಉಟ್ಟು ಕುಳಿತ ಅಜ್ಜಿ, ದೂರದಲ್ಲಿ ಗಂಟೆಯ ಸದ್ದು.

ಗುರುವಾರ ಬೆಳಿಗ್ಗೆ ಅವಳು ಪಪ್ಪನ ಚಾದರ ಎಳೆದಳು.

"ಪಪ್ಪಾ, ಏಳಿ. ಕಡವಿಗೆ ಬನ್ನಿ."

"ಎಂತ ಮಾರಾಯ್ತಿ, ಇಷ್ಟು ಬೇಗ?"

"ನೀರು ಏರುವ ಮೊದಲು ಬರಬೇಕು."

ಕಡವಿನಲ್ಲಿ ಧರ್ಮಪಾಲ ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತಿದ್ದ. ಐದು ಮೆಟ್ಟಿಲು ಬಯಲಾಗಿದ್ದವು. ಶಾರ್ಲೆಟ್ ಎರಡನೆಯ ಮೆಟ್ಟಿಲ ಮೇಲೆ ನಿಂತಳು.

"ಶನಿವಾರ ನೀರು ಇಲ್ಲಿಗಿತ್ತು." ಐದನೆಯದಕ್ಕೆ ಇಳಿದಳು. "ಇವತ್ತು ಇಲ್ಲಿ." ಮತ್ತೆ ಲಂಗ ಎತ್ತಿ ಹಿಡಿದು ನೀರಿಗಿಳಿದು, ಕಾಲಿನಿಂದ ತಡವಿ ಏಳನೆಯದರ ಮೇಲೆ ನಿಂತಳು. "ಹಬ್ಬದ ದಿನ ಇಲ್ಲಿಗೂ ನೀರು ಇರುವುದಿಲ್ಲ. ಆಚೆ ಬರೀ ಮೊಣಕಾಲುದ್ದ. ನೀಲಿ ಬೋಟಿನ ಫ್ಯಾನ್ ನನ್ನ ಸೊಂಟದಷ್ಟು ಕೆಳಗೆ ಉಂಟು ಪಪ್ಪಾ."

ಪಪ್ಪ ಧರ್ಮಪಾಲನ ಗಳ ತೆಗೆದುಕೊಂಡು ತಾವೇ ಊರಿ ಅಳೆದರು. ಅಳೆದು, ಒದ್ದೆ ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

"ಇದೇ ಕೆಸರಿನಲ್ಲಿ ಹೂತು ನನ್ನ ಎಷ್ಟು ಚಪ್ಪಲಿ ಹೋಗಿದೆ!" ಎಂದು ನಗಲು ನೋಡಿದರು. "ಹನ್ನೊಂದು ವರ್ಷದಲ್ಲಿ ನೀರು ಇಳಿಯುತ್ತದೆ ಅಂತಲೇ ಮರೆತೆನಲ್ಲ. ನಿನಗೆ ಯಾವಾಗ ಗೊತ್ತಾಯ್ತು?"

"ಶನಿವಾರವೇ," ಎಂದಳು ಶಾರ್ಲೆಟ್.

ಪಪ್ಪ ಅವಳ ಕೈ ಹಿಡಿದು ಮೇಲೆ ಎಳೆದುಕೊಂಡರು. "ನನಗೂ ಆ ನೀಲಿಯೇ ಇಷ್ಟ ಇತ್ತು ಮಗಳೇ," ಎಂದರು.

ಮತ್ತೆ ಧರ್ಮಪಾಲನ ಕಡೆ ತಿರುಗಿದರು. "ಇಮೆಲ್ಡಾ ಬಾಯಿಯ ದೋಣಿ ತರುವಾ. ಆದರೆ ಅದಕ್ಕೆ ಎಂಜಿನ್ ಮಾತ್ರ ಉಂಟು ಮಾರಾಯ, ಹೊಳೆ ಗೊತ್ತಿಲ್ಲ. ಹಬ್ಬದ ದಿನ ನೀನು ಮುಂದೆ ನಿಲ್ಲಬೇಕು."

ಧರ್ಮಪಾಲ ಮೊಗೆಯುವ ಚಿಪ್ಪನ್ನು ಕೆಳಗಿಟ್ಟ. "ನಿಲ್ಲುವಾ ಪೊರ್ಬುಗಳೇ," ಎಂದ.

ಹಬ್ಬದ ಬೆಳಿಗ್ಗೆ ಏಳೂ ಮೆಟ್ಟಿಲು ಬಯಲಾಗಿದ್ದವು. ಕೊನೆಯ ಮೆಟ್ಟಿಲಿಗೆ ತಾಗಿ ಬೆಲ್ಲದ ಬಣ್ಣದ ದೋಣಿ ನಿಂತಿತ್ತು, ಎಂಜಿನನ್ನು ಬಾಲದಂತೆ ಮೇಲೆತ್ತಿಕೊಂಡು. ಪಪ್ಪ ಮತ್ತು ಧರ್ಮಪಾಲ ಅಜ್ಜಿಯನ್ನು ಆಚೆ ಈಚೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ದೋಣಿಯ ನಡುವೆ ಮನೆಯ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಅಜ್ಜಿ ಅದರಲ್ಲಿ ಕುಳಿತು ಶಿಲುಬೆಯ ಗುರುತು ಮಾಡಿಕೊಂಡರು. ಕಾರ್ಕಳದಿಂದ ಹಿಂದಿನ ದಿನವಷ್ಟೇ ಬಂದಿದ್ದ ಮಮ್ಮಿ, "ನಾನು ನಾಲ್ಕು ದಿನ ಇಲ್ಲದಿದ್ದರೆ ನೀವು ಹೊಳೆಯನ್ನೇ ಮರೀತೀರಿ," ಎಂದು ಪಪ್ಪನನ್ನು ಚುಡಾಯಿಸುತ್ತ ಅವರ ಪಕ್ಕ ಕುಳಿತರು.

ಧರ್ಮಪಾಲ ಗಳ ಊರಿದ. ಆಳ ಬಂದ ಮೇಲೆ ಪಪ್ಪ ಎಂಜಿನ್ ಇಳಿಸಿದರು. ಅದು ಎರಡು ಸಲ ಕೆಮ್ಮಿ, ಮತ್ತೆ ಹಾಡತೊಡಗಿತು.

ಆಚೆ ದಡದಲ್ಲಿ ಶಿಲ್ಪಾ ಎರಡು ಜಡೆ ಹಾಕಿ ಕಾಯುತ್ತಿದ್ದಳು.

"ನೀಲಿ ಅಂದಿದ್ದಿ?"

ಶಾರ್ಲೆಟ್‌ಳ ಮುಖ ಬಿಸಿಯಾಯಿತು. "ಅದು ಬರಲಿಲ್ಲ. ಇದೇ ನಮ್ಮದು."

ಶಿಲ್ಪಾ ದೋಣಿಯನ್ನು ನೋಡಿದಳು. ಕುರ್ಚಿಯನ್ನು ನೋಡಿದಳು. "ನಿಮ್ಮಜ್ಜಿ ರಾಣಿ ಹಂಗ ಕುಂತಾಳ ನೋಡ! ವಾಪಸ್ ಹೋಗುವಾಗ ನಾನೂ ಬರ್ತೀನಿ. ಪ್ರಾಮಿಸ್ ಮಾಡಿಯಲ್ಲ?"

ಇಗರ್ಜಿಯಲ್ಲಿ ಅಜ್ಜಿ ಮುಂದಿನ ಬೆಂಚಿನಲ್ಲಿ ಕುಳಿತು ಮಾತೆಯ ಮುಖ ನೋಡಿದರು. ಎಲ್ಲ ಮಕ್ಕಳೂ ಹೂ ಅರ್ಪಿಸಿ ಮುಗಿಸಿದರೂ ಅವರು ನೋಡುತ್ತಲೇ ಇದ್ದರು. ಪೂಜೆ ಮುಗಿದು ಪಾದ್ರಿಗಳು ಮನೆಗೊಂದರಂತೆ ತೆನೆ ಹಂಚಿದರು. ಈ ವರ್ಷದ ಸರದಿ ಬೇರೆ ಮನೆಯದು. ಆದರೂ ಶಾರ್ಲೆಟ್ ಆ ಮನೆಯ ಆನಿಯ ಬಳಿ ಹೋಗಿ ಕಿವಿಯಲ್ಲಿ ಏನೋ ಕೇಳಿದಳು. ಆನಿ ಒಂದು ಗಳಿಗೆ ಯೋಚಿಸಿ ಧರ್ಮಣ್ಣನಿಗೆಂದು ಹಿಡಿದಿದ್ದ ಹಸಿ ತೆನೆಯನ್ನು ಅವಳ ಕೈಗಿತ್ತಳು.

ಹನ್ನೊಂದು ಗಂಟೆಗೆ ಮನೆಗೆ ಬಂದಾಗ ಹೊಳೆ ಮತ್ತೆ ತುಂಬಿತ್ತು. ಶಿಲ್ಪಾಳೂ ಸೇರಿ ಎಲ್ಲರೂ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಮನೆಯಿಂದ ಹೊಸ ಅಕ್ಕಿಯ ಪಾಯಸದ ಪರಿಮಳ ಬರುತ್ತಿತ್ತು. ಧರ್ಮಪಾಲ ತನ್ನ ಹಳೆಯ ದೋಣಿಯ ಹಗ್ಗ ಬಿಚ್ಚುತ್ತಿದ್ದ.

"ಧರ್ಮಣ್ಣ."

ಅವನು ತಿರುಗಿದ. ಶಾರ್ಲೆಟ್‌ಳ ಕೈಯಲ್ಲಿ ಎರಡು ತೆನೆಗಳಿದ್ದವು. ಒಂದು ಹಸಿರು. ಒಂದು ಒಣಗಿ ಹೊಂಬಣ್ಣಕ್ಕೆ ತಿರುಗಿದ್ದು.

"ಇದು ಆನಿಯದ್ದು," ಎಂದಳು. ಇನ್ನೊಂದರ ಬಗ್ಗೆ ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಮುಂದೆ ಚಾಚಿದಳು.

ಧರ್ಮಪಾಲ ಕೈಯನ್ನು ಪಂಚೆಗೆ ಒರೆಸಿಕೊಂಡ. ಎರಡನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಹಳೇ ದಾರ ಬಿಚ್ಚಿ, ಒಣ ತೆನೆಯನ್ನು ಮೊದಲು, ಹಸಿಯದನ್ನು ಅದರ ಮೇಲೆ ಇಟ್ಟು ದೋಣಿಯ ಮೂತಿಗೆ ಬಿಗಿದು ಕಟ್ಟಿದ.