ನಲವತ್ತಕ್ಕೆ ನಿಂತ ಮಣಿಕಟ್ಟು

"ಅಯ್ಯೋ... ನಿಧಾನ ಮೇಡಂ! ನನ್ನ ಹೊಟ್ಟೆಪಾಡೇ ಆ ಕೈ!"

"ನಾನಿನ್ನೂ ಮುಟ್ಟೇ ಇಲ್ವಲ್ರೀ!"

ಅವನು ಗಟ್ಟಿಯಾಗಿ ಮುಚ್ಚಿದ್ದ ಕಣ್ಣುಗಳಲ್ಲಿ ಒಂದನ್ನು ತೆರೆದು ನೋಡಿದ. ನಿಜ, ಅವಳ ಕೈ ಇನ್ನೂ ಮೇಜಿನ ಆಚೆಯೇ ಇತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆ ಅದು. ಮುರಿದು ಕೂಡಿದ ಕೈಗಳಿಗೆ ಬಗ್ಗುವುದು, ಏಳುವುದು ಮತ್ತೆ ಕಲಿಸುವ ಕೋಣೆ. ಅವಳು ಅಲ್ಲಿನ ಥೆರಪಿಸ್ಟ್. ಅವನು ಎರಡು ಬೀದಿ ಆಚೆಯ ಬೇಕರಿಯಲ್ಲಿ ಕೇಕ್ ಮಾಡುವವನು. ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದ. ಅವತ್ತು ಬೆಳಿಗ್ಗೆಯಷ್ಟೇ ಪ್ಲಾಸ್ಟರ್ ಬಿಚ್ಚಿದ್ದರು.

ಅವಳು ಆ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡಳು. ಬಡಕಲಾಗಿತ್ತು, ಚರ್ಮ ಒಣಗಿ ಹೊಟ್ಟು ಎದ್ದಿತ್ತು. ಆದರೂ ಎಷ್ಟು ಬೆಚ್ಚಗಿತ್ತು!

"ಮನೇಲಿ ಎಣ್ಣೆ ಹಚ್ಚಿ ತಿಕ್ಕೋರು ಯಾರಾದ್ರೂ ಇದಾರಾ?"

"ಇದೆಯಲ್ಲ ಮೇಡಂ... ಎಡಗೈ."

ತಮಾಷೆಗೇ ಹೇಳಿದ್ದ. ಆದರೆ ಆ ಮಾತು ಅವಳಿಗೆ ಎಲ್ಲೋ ಚುಚ್ಚಿತು. ಕೈ ಬಿಡಬೇಕಾದವಳು ಒಂದು ಕ್ಷಣ ಹೆಚ್ಚೇ ಹಿಡಿದುಕೊಂಡಳು. ಅವನು ತಲೆಯೆತ್ತಿ ನೋಡಿದ. ಅವಳೂ ನೋಡಿದಳು. ಎದೆ ಝಲ್ಲೆಂದಿತು!

'ಏನಾಗಿದೆ ನಿನಗೆ? ಪೇಷಂಟ್ ಕೈ ಕಣೇ ಅದು!'

ತನ್ನನ್ನೇ ಗದರಿಸಿಕೊಂಡು ಅವಳು ಅಂದೇ ಒಂದು ನಿರ್ಧಾರ ಮಾಡಿದಳು. ಅಳೆಯುವಾಗ ಅಳತೆಪಟ್ಟಿಯನ್ನು ಬಿಟ್ಟು ಬೇರೇನನ್ನೂ ನೋಡಬಾರದು. ಅವನ ಮುಖವನ್ನಂತೂ ಇಲ್ಲವೇ ಇಲ್ಲ, ಬೆರಳನ್ನೂ ನೋಡಬಾರದು. ಆ ಪುಣ್ಯಾತ್ಗಿತ್ತಿಯ ನಿರ್ಧಾರ ಮುಂದೆ ಎಂಥ ಎಡವಟ್ಟು ಮಾಡಿತು ನೋಡಿ.

ಅವಳ ವಿಷಯ ಒಂಚೂರು ಹೇಳಬೇಕು. ಬೆಳಗಿನಿಂದ ಸಂಜೆವರೆಗೆ ಅವಳ ಕೆಲಸವೇ ಕೈ ಹಿಡಿಯುವುದು. ಮುದುಕರ ಕೈ, ಮಕ್ಕಳ ಕೈ, ಡ್ರೈವರನ ಕೈ, ಟೀಚರ ಕೈ. ವಾಸಿಯಾದ ಕೂಡಲೇ ಎಲ್ಲರೂ ಆ ಕೈಯನ್ನೇ ಬೀಸಿ ಟಾಟಾ ಹೇಳಿ ಹೋಗುತ್ತಿದ್ದರು. ಸಂಜೆ ಬಾಡಿಗೆ ಮನೆಯ ಬೀಗ ತೆಗೆದರೆ, ಬೆಳಿಗ್ಗೆ ಕಾಫಿ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಯಾರಾದರೂ ಒಂದಿಷ್ಟು ಸರಿಸಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅವಳಿಗೆ ಅನ್ನಿಸುತ್ತಿತ್ತು.

"ಊಟ ಆಯ್ತೇನೇ?" ಎಂದು ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು.

"ಆಯ್ತಕ್ಕ."

"ಏನು ಮಾಡಿದ್ದೆ?"

"...ಏನೋ ಒಂದು."

ಅಷ್ಟರಲ್ಲಿ ಅಕ್ಕನ ಮನೆಯಲ್ಲಿ ಮಕ್ಕಳ ಜಗಳ ಶುರುವಾಗಿ ಫೋನು ಕಟ್ಟಾಗುತ್ತಿತ್ತು. ಆಮೇಲೆ ಮನೆ ತುಂಬ ಬರೀ ಫ್ರಿಜ್ಜಿನ ಸದ್ದು.

ಅಂಥವಳಿಗೆ ವಾರಕ್ಕೆ ಮೂರು ದಿನ ಅವನು ಬರುವ ಹೊತ್ತು ಮಾತ್ರ ಬೇರೆಯಾಗಿತ್ತು. ಶಾಲೆಯ ಕೋನಮಾಪಕಕ್ಕೆ ಎರಡು ಕಡ್ಡಿ ಸೇರಿಸಿದಂತಿದ್ದ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಅವಳು ಮಣಿಕಟ್ಟಿನ ಪಕ್ಕಕ್ಕೆ ಹಿಡಿಯುತ್ತಿದ್ದಳು. ಒಂದು ಕಡ್ಡಿ ಮುಂಗೈ ನೇರಕ್ಕೆ, ಇನ್ನೊಂದು ಹಸ್ತದ ನೇರಕ್ಕೆ.

"ಮೇಲೆತ್ತಿ... ಭೇಷ್! ಈಗ ಕೆಳಗೆ ಬಗ್ಗಿಸಿ."

ಮೇಲೇಳುವುದು ದಿನದಿನಕ್ಕೂ ಹೆಚ್ಚಾಯಿತು. ಕೆಳಗೆ ಬಗ್ಗುವುದು ಮಾತ್ರ ನಲವತ್ತು ಡಿಗ್ರಿಗೆ ಬಂದು ಗೂಟ ಹೊಡೆದುಕೊಂಡು ಕೂತುಬಿಟ್ಟಿತು!

"ಇದು ಹೀಗೇ ಇದ್ರೆ ಇನ್ನೊಂದು ಆಪರೇಷನ್ ಮಾಡಬೇಕಾಗುತ್ತೆ," ಎಂದರು ಮೂಳೆ ಡಾಕ್ಟರು. ಆ ವಿಭಾಗದಲ್ಲಿ ಅವಳ ಅಳತೆ ಎಂದರೆ ಅಳತೆ. ಅದರ ಮೇಲೆ ಯಾರೂ ಮತ್ತೆ ಅಳೆಯುತ್ತಿರಲಿಲ್ಲ.

ಅವನ ಮುಖ ಬಿಳಿಚಿತು. "ಮತ್ತೆ ಪ್ಲಾಸ್ಟರ್ ಅಂದ್ರೆ ಓನರ್ ಬೇರೆಯವರನ್ನ ಇಟ್ಕೋತಾರೆ ಮೇಡಂ. ನನಗೆ ಬೇರೆ ಕೆಲಸ ಬರಲ್ಲ."

"ನಾನಿದೀನಲ್ಲ. ಹಾಗಾಗೋಕೆ ಬಿಡಲ್ಲ," ಎಂದುಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಎಷ್ಟು ಪೇಷಂಟ್‌ಗಳಿಗೆ ಹೀಗೆ ಮಾತು ಕೊಟ್ಟಿದ್ದಳು ಅವಳು?

ಆ ಭಾನುವಾರ ಬ್ರೆಡ್ ನೆಪ ಮಾಡಿಕೊಂಡು ಬೇಕರಿಯ ಬೀದಿಗೆ ಹೋದಳು. ಗಾಜಿನಾಚೆ ಅವನು ಮೇಜಿನ ಮೇಲೆ ಹಿಟ್ಟು ಉದುರಿಸುತ್ತಿದ್ದ. ಹಗುರ ಕೆಲಸ ಮಾಡಬಹುದೆಂದು ಅವಳೇ ಹೇಳಿದ್ದಳು. ಆದರೆ ಆ ಮಣಿಕಟ್ಟು! ತೂಕಡಿಸುವವನ ತಲೆಯ ಹಾಗೆ ಸಲೀಸಾಗಿ ಕೆಳಕ್ಕೆ ಬಾಗಿತ್ತು. ನಲವತ್ತಲ್ಲ, ಎಪ್ಪತ್ತಕ್ಕೆ ಮೋಸವಿಲ್ಲ!

ಅವಳ ಮೈಯೆಲ್ಲ ಉರಿದುಹೋಯಿತು. 'ಅಂದರೆ... ಇಷ್ಟು ದಿನ ನನ್ನೆದುರು ನಾಟಕ?'

ಬ್ರೆಡ್ಡೂ ಬೇಡ, ಏನೂ ಬೇಡ ಎಂದು ತಿರುಗಿ ನಡೆದಳು. ಮರುದಿನ ಅವನು ಬಂದು ಕೂರುವುದಕ್ಕೂ ಬಿಡಲಿಲ್ಲ.

"ರಜೆ ಬೇಕಿತ್ತಾ ನಿಮಗೆ? ನೇರ ಕೇಳಿದ್ರೆ ಆಗ್ತಿರಲಿಲ್ವಾ?"

"ಏನು ಮೇಡಂ...?"

"ಅಂಗಡೀಲಿ ಚೆನ್ನಾಗಿ ಬಗ್ಗೋ ಕೈ ಇಲ್ಲಿ ಯಾಕ್ರೀ ಬಗ್ಗಲ್ಲ? ನನ್ನ ಮುಂದೆ ನಾಟಕ ಆಡಬೇಡಿ!"

"ನಾನು ಸುಳ್ಳು ಹೇಳಿಲ್ಲ ಮೇಡಂ. ನೀವು ಬಗ್ಗಿಸಿ ಅಂದಾಗ ಇಲ್ಲಿ ಅಷ್ಟೇ ಬರೋದು..."

"ಸಾಕು. ಇನ್ಮೇಲೆ ಬೇರೆಯವರ ಹತ್ರ ತೋರಿಸ್ಕೊಳ್ಳಿ."

ಅಲ್ಲಿದ್ದವರೆಲ್ಲ ನೋಡುತ್ತಿದ್ದರು. ಅವನು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಹೊರಟುಹೋದ.

ಆಮೇಲೆ ಅವನು ಬರಲಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ ತಾನೇ? ಹಾಗಿದ್ದರೆ ಬಾಗಿಲ ಸದ್ದಾದಾಗಲೆಲ್ಲ ಕತ್ತು ಯಾಕೆ ತಿರುಗುತ್ತಿತ್ತು? ಮನೆಯ ಆ ಲೋಟ ನೋಡಿದರೂ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಜೊತೆಗೆ ಕೆಲಸ ಮಾಡುವ ಹುಡುಗಿ ಬಂದು ಹೇಳಿದಳು. "ಅಕ್ಕ, ಗೊತ್ತಾಯ್ತಾ? ನಿಮ್ಮ ಬೇಕರಿಯವರು ಮೇಲಿನ ವಾರ್ಡಿಗೆ ಅಡ್ಮಿಟ್ ಆಗಿದಾರೆ. ಕೈ ನಲವತ್ತಕ್ಕೇ ನಿಂತಿದೆ ಅಂತ ನಾಳೆ ಆಪರೇಷನ್ನಂತೆ."

"ಏನು?!"

'ನಾಟಕ ಆಡುವವನು ಚಾಕುವಿಗೆ ಕೈ ಕೊಡುತ್ತಾನಾ? ಹಾಗಾದರೆ ನಾನು ಕಂಡಿದ್ದೇನು? ನಾನು ಅಳೆದಿದ್ದೇನು?'

ಎದುರಿಗೆ ಒಬ್ಬ ಅಜ್ಜಿ ಕೂತಿದ್ದರು. ತಲೆಯಲ್ಲಿ ಸಾವಿರ ಓಡುತ್ತಿದ್ದರೂ ಕೈ ತನ್ನ ಕೆಲಸ ಮಾಡುತ್ತಿತ್ತು. ಅಜ್ಜಿಯ ಮಣಿಕಟ್ಟು ನಿನ್ನೆಗಿಂತ ತೀರಾ ಕಡಿಮೆ ಬಗ್ಗಿತು. ನೋಡಿದರೆ, ಮುಷ್ಟಿಯಲ್ಲಿ ಕರ್ಚೀಫು!

"ಅಜ್ಜಿ, ಅದನ್ನ ಕೆಳಗಿಡಿ. ಮುಷ್ಟಿ ಕಟ್ಟಿದ್ರೆ ಮೇಲಿನ ನರ ಎಳೆದು ಹಿಡಿಯುತ್ತೆ, ಕೈ ಕೆಳಗೆ ಬಗ್ಗ..."

ಮಾತು ಅಲ್ಲೇ ನಿಂತಿತು.

ತನ್ನ ಕೈಯನ್ನೇ ಚಾಚಿದಳು. ಬೆರಳು ಸಡಿಲ ಬಿಟ್ಟು ಬಗ್ಗಿಸಿದಳು, ಪೂರ್ತಿ ಬಂತು. ಮುಷ್ಟಿ ಬಿಗಿದು ಬಗ್ಗಿಸಿದಳು, ಅರ್ಧಕ್ಕೇ ನಿಂತಿತು. ಕೆಲಸ ಕಲಿಯುವಾಗ ಮೊಟ್ಟಮೊದಲು ಹೇಳಿಕೊಡುವ ಪಾಠ ಅದು. ಅಳೆಯುವ ಮುನ್ನ ಬೆರಳು ನೋಡು!

ಅವನ ಬೆರಳನ್ನು ಅವಳು ಒಂದು ದಿನವಾದರೂ ನೋಡಿದ್ದಳೇ?

"ಅಯ್ಯೋ ದೇವರೇ... ಅಜ್ಜೀ, ಈಗ ಬಂದೆ!"

ಮೆಟ್ಟಿಲು ಹತ್ತಿದಳೋ ಹಾರಿದಳೋ, ವಾರ್ಡಿಗೆ ಬಂದಾಗ ಉಸಿರೇ ಇರಲಿಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಅವನು ಒಬ್ಬನೇ ಕೂತಿದ್ದ. ಉಳಿದ ಮಂಚಗಳ ಸುತ್ತ ಮನೆಯವರಿದ್ದರು, ಅವನ ಪಕ್ಕದ ಕುರ್ಚಿ ಖಾಲಿಯಿತ್ತು.

"ಕೈ ಕೊಡಿ," ಎಂದಳು.

ಅವನು ಚಾಚಿದ. ಅವಳು ಹಿಡಿದ ತಕ್ಷಣ ಬೆರಳುಗಳು ಗಬಕ್ಕನೆ ಮಡಚಿಕೊಂಡವು. ಈ ಸಲ ಅವಳು ನೋಡಿದಳು.

"ಯಾಕೆ ಮುಷ್ಟಿ ಕಟ್ತೀರಿ?"

"ಅದು..."

"ಹೇಳಿ!"

"ಬೆವರು ಮೇಡಂ," ಎಂದ, ತಲೆ ತಗ್ಗಿಸಿ. "ನೀವು ಮುಟ್ಟಿದ ಕೂಡಲೇ ಅಂಗೈ ಒದ್ದೆಯಾಗಿಬಿಡುತ್ತೆ. ನಿಮ್ಮ ಕೈಗೆ ತಾಗಿದ್ರೆ ಅಸಹ್ಯ ಪಟ್ಕೋತೀರೇನೋ ಅಂತ... ಮುಚ್ಕೋತಿದ್ದೆ."

ಅವಳು ಒಂದೊಂದೇ ಬೆರಳನ್ನು ಬಿಡಿಸಿದಳು. ನಿಜಕ್ಕೂ ಅಂಗೈ ತೊಯ್ದಿತ್ತು. ಅಳತೆಪಟ್ಟಿ ಇಟ್ಟಳು.

"ಈಗ ಬಗ್ಗಿಸಿ."

ನಲವತ್ತು... ಐವತ್ತು... ಅರವತ್ತು ದಾಟಿ, ಎಪ್ಪತ್ತೈದಕ್ಕೆ ಹೋಗಿ ನಿಂತಿತು!

ಅವಳು ಅಲ್ಲಿಂದ ನೇರ ಡಾಕ್ಟರ ಕೋಣೆಗೆ ಹೋದಳು. "ತಪ್ಪು ನನ್ನದು ಸರ್. ಇಷ್ಟು ದಿನವೂ ನಾನೇ ತಪ್ಪಾಗಿ ಅಳೆದೆ," ಎಂದಳು. ಡಾಕ್ಟರು ಬಂದು ತಾವೇ ಅಳೆದರು, ಅವಳನ್ನು ಕೆಕ್ಕರಿಸಿ ನೋಡಿದರು, ಆಪರೇಷನ್ ರದ್ದು ಮಾಡಿದರು. ಅವಳ ಅಳತೆ ಎಂದರೆ ಅಳತೆ ಎಂಬ ಹೆಸರು ಅಲ್ಲಿಗೆ ಮಣ್ಣುಪಾಲಾಯಿತು. ಆದರೂ ಅವಳಿಗೆ ಉಸಿರು ಹಗುರವಾಗಿತ್ತು.

ಡಾಕ್ಟರು ಹೋದ ಮೇಲೆ ಖಾಲಿ ಕುರ್ಚಿಯಲ್ಲಿ ಕೂತಳು.

"ನಿಮ್ಮ ಕೈ ಬಗ್ಗುತ್ತೆ ಅಂತ ನಿಮಗೇ ಗೊತ್ತಾಗ್ಲಿಲ್ವಾ? ಆಪರೇಷನ್‌ಗೆ ಹೇಗ್ರೀ ಒಪ್ಕೊಂಡ್ರಿ?"

"ನಲವತ್ತು ಅಂದ್ರೆ ಎಷ್ಟು ಅಂತ ನನಗೇನು ಗೊತ್ತು? ನೀವು ಅಳೆದ್ರಿ, ನಂಬಿದೆ."

"ಬೈದೆನಲ್ಲ... ನಾಲ್ಕು ಜನರ ಮುಂದೆ."

"ಅದಕ್ಕೆ ಬೇಜಾರಿಲ್ಲ. ಬೇರೆಯವರ ಹತ್ರ ಹೋಗಿ ಅಂದ್ರಲ್ಲ... ಅದು ನೋವಾಯ್ತು."

ಅವಳ ಕಣ್ಣು ತುಂಬಿ ಬಂತು. ಇನ್ನು ಬಚ್ಚಿಡುವುದಕ್ಕೆ ಏನಿತ್ತು?

"ನಿಮ್ಮ ಬೆರಳು ನೋಡಿದ್ರೆ ಬಿಡೋಕೆ ಮನಸ್ಸಾಗಲ್ಲ ಅಂತ ಭಯ ಆಗಿತ್ತು. ಅದಕ್ಕೇ ನೋಡ್ಲಿಲ್ಲ. ಎಲ್ಲರ ಕೈ ಹಿಡೀತೀನಿ ನಾನು, ಎಲ್ಲರೂ ವಾಸಿಯಾಗಿ ಹೋಗ್ತಾರೆ... ನಿಮ್ಮ ಕೈಯೂ ಸರಿಹೋಯ್ತು. ಇನ್ನು ನೀವೂ ಬರಲ್ಲ."

ಅವನು ಮೆಲ್ಲಗೆ ಅವಳ ಮಡಿಲಲ್ಲಿದ್ದ ಕೈಯನ್ನು ಎತ್ತಿಕೊಂಡ. ಹಿಟ್ಟು ನಾದುವ ಕೈ ಅದು, ಮೆತ್ತಗೆ ಹಿಡಿಯುವುದು ಅದಕ್ಕೆ ಗೊತ್ತಿತ್ತು.

"ಮುಷ್ಟಿ ಬಿಡಿ ಮೇಡಂ," ಎಂದ.

ಅವಳು ನೋಡಿಕೊಂಡಳು. ತನ್ನ ಬೆರಳುಗಳು ಯಾವಾಗ ಮಡಚಿಕೊಂಡವೋ ಅವಳಿಗೇ ಗೊತ್ತಿರಲಿಲ್ಲ!

"ಬೇಡ... ಒದ್ದೆಯಾಗಿದೆ."

"ಇರ್ಲಿ ಬಿಡಿ. ನಂದೂ ಒದ್ದೇನೇ."