ಕಂಬದ ಕೆಳಗೆ ಕಾಯುವ ಫೋನು

"ಅವತ್ತು ಕಲಬುರಗಿ ಕರೆಂಟ್ ಸ್ಟೇಷನ್ನಿನಾಗ ಡ್ಯೂಟಿ ಮ್ಯಾಲಿದ್ದವರು ಯಾರು?"

ಹಿರಿಯ ಇಂಜಿನಿಯರ್ ಸಾಹೇಬರ ಪ್ರಶ್ನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

ಪ್ರಿಯದರ್ಶಿನಿ ತಿರುಗಿ ನೋಡಿದಳು. ತಿಂಗಳುಗಟ್ಟಲೆ ಫೋನಿನಲ್ಲಿ ಬರಿಯ ದನಿಯಾಗಿದ್ದ ಮನುಷ್ಯನನ್ನು ಅವಳು ಕಣ್ಣಾರೆ ಕಂಡದ್ದು ಆಗಲೇ. ಬಿಸಿಲಿಗೆ ಕಂದಿದ ಮುಖ, ಮೊಣಕೈವರೆಗೆ ಮಡಚಿದ ತೋಳು, ಯಾರನ್ನೂ ಎದುರು ಹಾಕಿಕೊಳ್ಳದ ನಿಲುವು... ಅವಳು ಮನಸ್ಸಿನಲ್ಲಿ ಬಿಡಿಸಿಟ್ಟುಕೊಂಡಿದ್ದ ಚಿತ್ರಕ್ಕಿಂತ ಅವನು ಚೆನ್ನಾಗಿಯೇ ಇದ್ದ. ಅದೇ ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರದ ಆ ಸಭಾಭವನದಲ್ಲಿ ಜಿಲ್ಲೆಯ ವಿದ್ಯುತ್ ಸ್ಥಾವರಗಳವರೆಲ್ಲ ಸೇರಿದ್ದರು. ಕಮಲಾಪುರದ ಸೋಲಾರ್ ಪ್ಲಾಂಟಿನ ಶಿಫ್ಟ್ ಇಂಜಿನಿಯರ್ ಆಗಿ ಅವಳು ಎದ್ದು ನಿಂತಳು.

"ನೆತ್ತಿ ಮ್ಯಾಲ ಬಿಸಿಲು ಸುಡ್ಲಾಕತ್ತಿತ್ತು ಸರ್. ರಿಪೇರಿ ಮುಗೀತು, ಲೈನ್ ಚಾರ್ಜ್ ಮಾಡ್ರಿ, ಕರೆಂಟ್ ಬಿಡ್ರಿ ಅಂತ ನಾ ಹೇಳಿದೆ. ಇವರು ಬ್ರೇಕರ್ ಕೂಡವಲ್ದು ಅಂದ್ರು. ಬ್ರೇಕರ್ ಸರಿಯಾಗೇ ಇತ್ತು ಅಂತ ನಿಮ್ಮ ಪರೀಕ್ಷೆದಾಗೇ ಬಂದದ. ಇವರು ನಿದ್ದಿ ಮಾಡಿದ್ರೋ, ಇಲ್ಲಾ ಬ್ಯಾರೆ ಪ್ಲಾಂಟಿನವರ ಮಾತು ಕೇಳಿ ನಮ್ಮನ್ನ ನಿಂದರಿಸಿದ್ರೋ, ಅವರೇ ಹೇಳ್ಲಿ."

ಯಾರೋ ಮುಸಿಮುಸಿ ನಕ್ಕರು. ಅವನ ಕಿವಿಗಳು ಕೆಂಪಾದವು. ಅವಳನ್ನು ಒಂದು ಕ್ಷಣ ನೋಡಿ, ತಲೆ ತಗ್ಗಿಸಿದ.

"ತಪ್ಪು ನಂದೇ ಅದರಿ."

ಅದೇ ದನಿ... ಆದರೂ ಅವಳು ಕುಳಿತಳು, ಗೆದ್ದವಳಂತೆ.

* * *

ಕಮಲಾಪುರದ ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲಾಗಿ ಬಿಸಿಲಿಗೆ ಮುಖವೊಡ್ಡಿದ ನೀಲಿ ಫಲಕಗಳು. ಅವು ಹುಟ್ಟಿಸಿದ ವಿದ್ಯುತ್ತು ಬಾಳೆ ತೋಟಗಳ ಮೇಲಿನ ತಂತಿ ಹಿಡಿದು ಕಲಬುರಗಿಯ ಸ್ಟೇಷನ್ ಸೇರಬೇಕು, ಅಲ್ಲಿಂದ ಊರಿಗೆ. ಪ್ರತಿ ಗಂಟೆಗೊಮ್ಮೆ ಪ್ಲಾಂಟಿನಿಂದ ಫೋನು ಮಾಡಿ, ಎಷ್ಟು ಮೆಗಾವ್ಯಾಟ್ ಕಳುಹಿಸುತ್ತಿದ್ದೇವೆಂದು ಹೇಳಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಅಷ್ಟೇ ಕೆಲಸ.

ಆದರೆ ಚಂದ್ರಶಾ ಎಂಬ ಆ ಆಪರೇಟರ್ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಅಂಕಿಯನ್ನು ತಿರುಗಿ ಹೇಳಿದ ಮೇಲೆ ಒಂದು ಸಣ್ಣ ಬಾಲ ಜೋಡಿಸುತ್ತಿದ್ದ. ಕಮಲಾಪುರದಲ್ಲಿ ಮೋಡ ಕವಿದಿದೆಯೇ? ಊಟವಾಯಿತೇ? ಇವತ್ತು ದನಿ ಯಾಕೆ ಸಣ್ಣಗಿದೆ? ಮೊದಮೊದಲು ಅವಳು ಬಿಗಿಯಾಗಿ ಉತ್ತರಿಸಿದಳು. ಆಮೇಲೆ ಆ ಬಾಲಕ್ಕಾಗಿಯೇ ಗಂಟೆ ತುಂಬುವುದನ್ನು ಕಾಯತೊಡಗಿದಳು.

ಕಂಟ್ರೋಲ್ ರೂಮಿನ ಜೊತೆಗಾತಿ ಮುಬಶ್ಶಿರಾ ಇದನ್ನೆಲ್ಲ ಗಮನಿಸದೆ ಬಿಟ್ಟಾಳೆಯೇ?

"ಅಕ್ಕಾ, ಸಂಜಿಗಿ ಸೂರ್ಯ ಮುಳುಗಿದ ಮ್ಯಾಲ ನಮ್ಮದು ಸೊನ್ನೆ ಮೆಗಾವ್ಯಾಟ್. ಆ ಸೊನ್ನೆ ಹೇಳ್ಲಿಕ್ಕೆ ಇಷ್ಟೊತ್ತು ಮಾತಾಡ್ತಾರೇನು?"

"ಸುಮ್ನಿರು. ಡ್ಯೂಟಿ ಅದು."

"ಹೌದ್ಹೌದು, ಡ್ಯೂಟಿ. ನನ್ನ ನಿಕಾ ಆದ ಮ್ಯಾಲೂ ಇಂಥ ಡ್ಯೂಟಿ ನನಗ ಸಿಗಲಿಲ್ಲ ನೋಡು."

ಪ್ರಿಯದರ್ಶಿನಿ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಿದ್ದಳು. ತುಟಿಯಂಚಿನ ನಗು ಅವಳಿಗೇ ತಿಳಿಯದೆ ಉಳಿದುಬಿಡುತ್ತಿತ್ತು.

ಅಂಥ ದನಿಯೇ ತನಗೆ ಸುಳ್ಳು ಹೇಳಿತಲ್ಲ ಎಂಬುದೇ ಅವಳ ನೋವು. ಅವಳು ಸಭೆಯಲ್ಲಿ ಆಡಿದ ಮಾತಿನ ಅರ್ಧ ಕಹಿ ಕಳೆದುಹೋದ ವಿದ್ಯುತ್ತಿನದಾದರೆ, ಇನ್ನರ್ಧ ಆ ಸುಳ್ಳಿನದು.

ಆ ಮಧ್ಯಾಹ್ನ ನಡೆದದ್ದು ಇಷ್ಟು. ಲೈನಿನ ರಿಪೇರಿಗೆಂದು ಬೆಳಿಗ್ಗೆಯೇ ಅವಳು ಕಲಬುರಗಿಯಿಂದ 'ಲೈನ್ ಕ್ಲಿಯರ್' ಪಡೆದಿದ್ದಳು. ಎಂದರೆ, ಕಂಬ ಹತ್ತಿದವರೆಲ್ಲ ಇಳಿದು ಬರುವತನಕ ಅತ್ತಲಿಂದ ಯಾರೂ ತಂತಿಗೆ ವಿದ್ಯುತ್ ಹರಿಸುವಂತಿಲ್ಲ. ಅದನ್ನು ಹಿಂತಿರುಗಿಸಲು ಒಂದು ಕಟ್ಟುಪಾಡಿದೆ. ಲೈನ್‌ಮನ್ನರ ಮುಖ್ಯಸ್ಥ ಅಂಬಣ್ಣ ತಾನೇ ಎದುರು ಬಂದು, ಮಂದಿಯೂ ಸಾಮಾನೂ ರಕ್ಷಣೆಗೆಂದು ತಂತಿಗೆ ಸಿಕ್ಕಿಸಿದ ಅರ್ಥಿಂಗ್ ರಾಡುಗಳೂ ಕೆಳಗಿಳಿದಿವೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅವಳು ಆ ಮಾತನ್ನು ಕಲಬುರಗಿಗೆ ಮುಟ್ಟಿಸಬೇಕು.

ಅಂದು ಜೀಪು ಮರಳಿತು. ಡ್ರೈವರ್ ದೌಲಪ್ಪ ಕಿಟಕಿಯ ಬಳಿ ನಿಂತು ಕೆಲಸ ಮುಗಿಯಿತೆಂದ. ಆಳುಗಳು ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಅಷ್ಟೂ ವ್ಯರ್ಥ. ಅವಳು ಫೋನೆತ್ತಿದಳು. ಎಲ್ಲರೂ ಬಂದಿದ್ದಾರೆಯೇ, ಅಂಬಣ್ಣ ಹೇಳಿದನೇ ಎಂದು ಚಂದ್ರಶಾ ಕೇಳಿದ. ಎಲ್ಲರೂ ಬಂದಿದ್ದಾರೆ, ಬೇಗ ಚಾರ್ಜ್ ಮಾಡಿ ಎಂದಳು. ತಡೆಯಿರಿ ಎಂದು ಅವನು ಫೋನನ್ನು ಪಕ್ಕಕ್ಕಿಟ್ಟ. ಬಳಿಕ, ತಂತಿಗೆ ವಿದ್ಯುತ್ ಬಿಡುವ ಬ್ರೇಕರ್ ಕೂಡುತ್ತಿಲ್ಲವೆಂದ. ಸೂರ್ಯ ಪಡುವಣಕ್ಕೆ ವಾಲಿದ ಮೇಲಷ್ಟೇ ಲೈನಿಗೆ ಜೀವ ಬಂತು.

* * *

ಸಭೆಯ ಬೆನ್ನಿಗೇ ಚಂದ್ರಶಾನನ್ನು ಸ್ಟೇಷನ್ ಕೆಲಸದಿಂದ ಬಿಡಿಸಿ, ದೂರದ ಜಿಲ್ಲೆಯೊಂದಕ್ಕೆ ಕಳುಹಿಸುವ ಮಾತು ಕೇಳಿಬಂತು. ಫೋನಿನಲ್ಲಿ ಈಗ ಹೊಸ ದನಿ. ಅಂಕಿ ಕೇಳಿ, ಅಂಕಿ ಹೇಳಿ, ಟಪ್ಪೆಂದು ಇಟ್ಟುಬಿಡುತ್ತಿತ್ತು.

ಒಂದು ಬೆಳಿಗ್ಗೆ ಪ್ಲಾಂಟಿನ ಗೇಟಿಗೆ ಹೆಂಗಸೊಬ್ಬಳು ಬಂದಳು. ಸೆರಗಿನಲ್ಲಿ ಸುತ್ತಿದ ಕೆಂಪು ಬಾಳೆಯ ಚಿಪ್ಪು. ಅಂಬಣ್ಣನ ಹೆಂಡತಿ ನೀಲಗಂಗಮ್ಮ. ಪ್ರಿಯದರ್ಶಿನಿ ಹೊರಬಂದೊಡನೆ ಆಕೆ ಬಾಗಿ ಪಾದ ಮುಟ್ಟಲು ಹೋದಳು. ತಾಯಿಯ ವಯಸ್ಸಿನವಳು! ಪ್ರಿಯದರ್ಶಿನಿ ಗಾಬರಿಯಾಗಿ ಹಿಂದೆ ಸರಿದಳು.

"ಬ್ಯಾಡ ಅನಬ್ಯಾಡ ಯವ್ವಾ. ಅವತ್ತು ನಮ್ಮ ಮನಿಯವರು ತೋಟದಾಗಿನ ಕಂಬದ ಮ್ಯಾಲ ಒಬ್ಬರೇ ಇದ್ರಂತ. ನೀ ಕರೆಂಟ್ ಬಿಡಗೊಡಲಿಲ್ಲಂತ. ನೀ ತಡಿಲಿಲ್ಲಂದ್ರ ಈ ಹಣಿ ಮ್ಯಾಲ ಕುಂಕುಮ ಇರ್ತಿರಲಿಲ್ಲ."

ಅವಳ ಕೈಗೆ ಬಂದ ಹಣ್ಣಿನ ಚಿಪ್ಪು ಕಲ್ಲಿನಂತೆ ಭಾರವಾಯಿತು. ಕಂಬದ ಮೇಲೆ... ಒಬ್ಬನೇ?

ನೀಲಗಂಗಮ್ಮ ಅವಳ ಕೆನ್ನೆಗಳಿಗೆ ಬೆರಳು ತಾಗಿಸಿ ಲಟಿಕೆ ಮುರಿದು, ಹರಸಿ ಹೋದಳು. ಆ ಬೆರಳು ತಾಗಿದ ಜಾಗ ಸುಡುತ್ತಿತ್ತು.

ದೌಲಪ್ಪನನ್ನು ಕರೆಸಿದಳು. ಮೇಡಂಗೆ ಎಲ್ಲ ಗೊತ್ತಿದೆಯೆಂದೇ ನಂಬಿದ್ದ ಅವನು ಸಲೀಸಾಗಿ ಹೇಳಿದ. ಕೊನೆಯ ಕಂಬದಲ್ಲಿ ಅರ್ಥಿಂಗ್ ರಾಡೊಂದು ಉಳಿದುಹೋಗಿತ್ತು. ಅದನ್ನು ಬಿಡಿಸಿ ತರಲು ಅಂಬಣ್ಣ ತೋಟದೊಳಗೆ ನಡೆದ; ಹಸಿದ ಆಳುಗಳನ್ನು ಜೀಪು ಕರೆತಂದಿತು. ಅವರನ್ನು ಕರೆತರುವ ತನ್ನ ಕೆಲಸ ಮುಗಿಯಿತೆಂದು ದೌಲಪ್ಪ ಕಿಟಕಿಯ ಬಳಿ ಹೇಳಿ ಹೋದ. ಕಂಬ ಹತ್ತುವ ಮುನ್ನ ಫೋನನ್ನು ಜೀಪಿನಲ್ಲಿಟ್ಟು, ಇಳಿದ ಕೂಡಲೇ ಮೊದಲು ಅದನ್ನೇ ಕೇಳಿ ಪಡೆಯುವುದು ಅಂಬಣ್ಣನ ಎಂದಿನ ರೂಢಿ. ಅಷ್ಟರಲ್ಲಿ ಆ ಫೋನು ರಿಂಗಾಯಿತು.

"ಚಂದ್ರಶಾ ಸಾಹೇಬ್ರದ್ದರಿ. ಮೊದಲು ಅವರೂ ನಮ್ಮ ಜೋಡಿ ಕಂಬ ಹತ್ತಿದವರೇ. ನನ್ನ ದನಿ ಕೇಳಿದ್ದೇ ತಡ, 'ಅಣ್ಣ ಇನ್ನಾ ಇಳಿದಿಲ್ಲಲ್ಲಾ' ಅಂದ್ರು. ಮೇಡಂ ಲೈನ್ ತಡದಿಟ್ಟಾರ, ಅವಸರ ಬ್ಯಾಡ, ಹೋಗಿ ಕರಕೊಂಡ ಬಾ ಅಂದ್ರು. ಹಂಗೇ ಮಾಡಿದ್ನಿ."

ಮೇಡಂ ಲೈನ್ ತಡೆದಿಟ್ಟಿದ್ದಾರೆ!

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ತಾನು ತಡೆದವಳಲ್ಲ; ಕರೆಂಟ್ ಬಿಡಿ, ಬೇಗ ಬಿಡಿ ಎಂದು ಕೂಗಾಡಿದವಳು. ತಲೆ ಎಣಿಸದೆ, ಅಂಬಣ್ಣನ ಬಾಯಿಂದ ಕೇಳದೆ, ಎಲ್ಲರೂ ಬಂದಿದ್ದಾರೆಂದು ಸುಳ್ಳಾಡಿದವಳು. ಆ ಸುಳ್ಳನ್ನು ಮುಚ್ಚಲು ಅವನೊಂದು ಸುಳ್ಳು ಹೇಳಿದ. ಅದಕ್ಕೆ ತುಂಬಿದ ಸಭೆಯಲ್ಲಿ ನಿದ್ದೆಬುರುಕನೆಂದು ಅವನಿಗೆ ಹೆಸರಿಟ್ಟವಳೂ ತಾನೇ.

ಮುಬಶ್ಶಿರಾ ಮೆಲ್ಲಗೆ ಅವಳ ಭುಜ ಮುಟ್ಟಿದಳು. ಹೇಳಿದರೆ ಲೈನ್ ಕ್ಲಿಯರ್ ಪಡೆಯುವ ಅಧಿಕಾರವೇ ಹೋದೀತು, ಕೆಲಸವೂ ಉಳಿಯಲಿಕ್ಕಿಲ್ಲ ಎಂದು ಎಚ್ಚರಿಸಿದಳು. ಹೇಳದಿದ್ದರೆ ಚಂದ್ರಶಾ ಸುಮ್ಮನೆ ದೂರದ ಜಿಲ್ಲೆಗೆ ಹೋಗಿಬಿಡುತ್ತಾನೆ ಎಂಬುದನ್ನು ಮಾತ್ರ ಅವಳೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

* * *

ಕಲಬುರಗಿಯ ಬಸ್ಸಿನಲ್ಲಿ ಕುಳಿತ ಪ್ರಿಯದರ್ಶಿನಿಗೆ ದಾರಿಯುದ್ದಕ್ಕೂ ಕಂಬಗಳೇ ಕಂಡವು. ಒಂದೊಂದರ ತುದಿಯಲ್ಲೂ ಒಬ್ಬ ಮನುಷ್ಯ ಇದ್ದಾನೆಂದು ಭಾಸವಾಗುತ್ತಿತ್ತು. ಜಗತ್ ಸರ್ಕಲ್‌ನ ಗದ್ದಲದಲ್ಲಿ ಇಳಿದಾಗ, ಹಿಂತಿರುಗುವ ಬಸ್ಸೊಂದು ಎದುರಿಗೇ ನಿಂತಿತ್ತು. ಹತ್ತಿಬಿಡಲೇ... ಎಂದಿತು ಮನಸ್ಸು. ಹಣೆಗೆ ಕುಂಕುಮವಿಟ್ಟ ಹೆಂಗಸೊಬ್ಬಳು ಸೊಪ್ಪಿನ ಬುಟ್ಟಿ ಹೊತ್ತು ಆ ಬಸ್ಸು ಹತ್ತಿದಳು. ಪ್ರಿಯದರ್ಶಿನಿ ಮುಖ ತಗ್ಗಿಸಿ ಆಟೋ ಕರೆದಳು.

ಅಂದು ಅದೇ ಭವನದಲ್ಲಿ ತಿಂಗಳ ಸಭೆ. ವರ್ಗಾವಣೆಯ ಕಾಗದಗಳನ್ನು ಪಡೆಯಲು ಚಂದ್ರಶಾನೂ ಬಂದಿದ್ದ. ಸಾಹೇಬರ ಅಪ್ಪಣೆ ಕೇಳಿ, ಅವಳು ಮೊದಲು ನಿಂತಿದ್ದ ಜಾಗದಲ್ಲೇ ನಿಂತಳು.

"ಇದೇ ಜಾಗದಾಗ ನಿಂತು ನಾ ಇವರಿಗೆ ನಿದ್ದಿ ಮಾಡಿದ್ರೇನು ಅಂತ ಕೇಳಿದ್ದೆ. ನಿದ್ದಿ ಮಾಡಿದಾಕಿ ನಾನು ಸರ್. ಅಂಬಣ್ಣ ಕಂಬದ ಮ್ಯಾಲ ಇದ್ದಾಗ ಲೈನ್ ಚಾರ್ಜ್ ಮಾಡ್ರಿ ಅಂದಾಕಿ ನಾನು. ಎಲ್ಲಾರೂ ಬಂದಾರೇನು ಅಂತ ಇವರು ಕೇಳಿದ್ರು. ಹೌದು ಅಂದೆ... ನೋಡಿರಲೇ ಇಲ್ಲ."

ಈ ಸಲ ಯಾರೂ ನಗಲಿಲ್ಲ. ಆ ಮೌನಕ್ಕಿಂತ ನಗುವೇ ಮೇಲೆನಿಸಿತು ಅವಳಿಗೆ. ಮುಖ ಎತ್ತಲಾಗದೆ, ಕಾಲ ಬಳಿಯ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು, ನೀಲಗಂಗಮ್ಮನ ಹಣ್ಣಿನವರೆಗೆ.

ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಲೈನ್ ಕ್ಲಿಯರ್ ಪಡೆಯುವ ಅವಳ ಅಧಿಕಾರವನ್ನು ಅಂದೇ ಹಿಂದಕ್ಕೆ ಪಡೆದರು. ಇನ್ನು ಆರು ತಿಂಗಳು ರಿಪೇರಿಯ ಆಳುಗಳೊಡನೆ ಕಂಬದಿಂದ ಕಂಬಕ್ಕೆ ತಿರುಗಿ, ಒಬ್ಬೊಬ್ಬರ ತಲೆ ಎಣಿಸುವುದನ್ನು ಕಲಿಯಬೇಕು ಎಂದರು. ಚಂದ್ರಶಾನನ್ನೂ ಬಿಡಲಿಲ್ಲ. ಒಂದು ಜೀವ ಉಳಿಸಿದ್ದು ದೊಡ್ಡದು, ಆದರೆ ತಪ್ಪನ್ನು ಮುಚ್ಚಿಟ್ಟರೆ ನಾಳೆ ಅದನ್ನೇ ಇನ್ನೊಬ್ಬರು ಮಾಡುತ್ತಾರೆ ಎಂದು ಗದರಿದರು. ದೂರದ ವರ್ಗ ರದ್ದಾಯಿತು; ಸ್ಟೇಷನ್ ಕುರ್ಚಿ ಮಾತ್ರ ಮರಳಲಿಲ್ಲ. ಕಮಲಾಪುರದ ಲೈನ್ ಕೆಲಸಕ್ಕೇ ಹಾಕಿದರು.

ಹೊರಗೆ ಬೇವಿನ ನೆರಳಿನಲ್ಲಿ ಅವನು ನಿಂತಿದ್ದ. ತಾಜಸುಲ್ತಾನಪುರದ ಮನೆಗೆ ಹೋಗುವ ಬೈಕಿನ ಕೀಲಿ ಕೈಯಲ್ಲಿತ್ತು, ಹೊರಟಿರಲಿಲ್ಲ. ಅವಳು ಹತ್ತಿರ ಬಂದಳು, ಆದರೆ ಕಣ್ಣು ಮೇಲೇಳಲಿಲ್ಲ.

"ನಿಮ್ಮ ಮುಖ ನೋಡ್ಲಿಕ್ಕೆ ನಾಚಿಕಿ ಆಗ್ಲಾಕತ್ತದರಿ. ಕ್ಷಮಾ ಮಾಡ್ರಿ ಅಂತ ಹ್ಯಾಂಗ ಕೇಳ್ಲಿ?"

"ನಾನೂ ನಾಚಿಕಿ ಪಡೋದದ."

ಅವಳು ಅಚ್ಚರಿಯಿಂದ ತಲೆ ಎತ್ತಿದಳು. ಅವನ ಕಿವಿಗಳು ಸಭೆಯಲ್ಲಿ ಕೆಂಪಾದಂತೆಯೇ ಈಗಲೂ ಕೆಂಪಾಗಿದ್ದವು.

"ನಾ ದೊಡ್ಡ ಮನಸಿನಿಂದ ಮುಚ್ಚಿಟ್ಟೆ ಅಂತ ತಿಳೀಬ್ಯಾಡ್ರಿ. ಖರೇ ಹೇಳಿದ್ರ ನಿಮ್ಮನ್ನ ಆ ಫೋನಿನಿಂದ ಎಬ್ಬಸ್ತಿದ್ರು. ಗಂಟೆಗೊಮ್ಮೆ ನಿಮ್ಮ ದನಿ ಬರ್ತಿರಲಿಲ್ಲ. ಅಂಬಣ್ಣನ ಜೀವದ ಮಾತಿನಾಗ ನಾ ನನ್ನ ಆಸೆ ನೋಡ್ಕೊಂಡೆ. ಅವತ್ತಿನಿಂದ ಅವನ ಮುಖ ನೋಡ್ಲಿಕ್ಕೆ ಆಗವಲ್ದು."

ಬೇವಿನ ಎಲೆಯೊಂದು ಅವರಿಬ್ಬರ ನಡುವೆ ತಿರುತಿರುಗಿ ಬಿತ್ತು. ಪ್ರಿಯದರ್ಶಿನಿಯ ಕಣ್ಣು ತುಂಬಿ ಬಂತು. ನಾಚಿಕೆ ಎದೆ ಬಿಟ್ಟು ಹೋಗಿರಲಿಲ್ಲ. ಆದರೆ ಅದನ್ನು ಹೊರಲು ಈಗ ಇನ್ನೊಂದು ಹೆಗಲಿತ್ತು.

"ಹಂಗಾದ್ರ ಇಬ್ರೂ ಕೂಡಿ ಹೋಗೋಣ," ಎಂದಳು ಮೆಲ್ಲಗೆ. "ಅಂಬಣ್ಣನ ಮನಿಗಿ. ನೀಲಗಂಗಮ್ಮಗ ಖರೇ ಹೇಳ್ಬೇಕು."

* * *

ನೀಲಗಂಗಮ್ಮ ಅಂದು ಬೈದಳು, ಅತ್ತಳು, ಕೊನೆಗೆ ಇಬ್ಬರಿಗೂ ಖಡಕ್ ರೊಟ್ಟಿ ಬಡಿಸಿದಳು. ಪ್ರಿಯದರ್ಶಿನಿಯನ್ನು ಮತ್ತೆ ಹರಸಲು ಮಾತ್ರ ಆಕೆಗೆ ಬಹಳ ದಿನ ಬೇಕಾಯಿತು. ಅದು ನ್ಯಾಯವೇ ಎಂದುಕೊಂಡಳು ಪ್ರಿಯದರ್ಶಿನಿ.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ. ಕೆಂಪು ಬಾಳೆಯ ತೋಟದ ನಡುವಿನ ಅದೇ ಕಂಬ. ಪ್ರಿಯದರ್ಶಿನಿ ಆಳುಗಳ ತಲೆಯನ್ನು ಎರಡೆರಡು ಬಾರಿ ಎಣಿಸಿ ಮುಗಿಸಿದ್ದಳು. ಅಂಬಣ್ಣ ಎಂದಿನಂತೆ ತನ್ನ ಫೋನನ್ನು ದೌಲಪ್ಪನ ಕೈಗಿಟ್ಟು, ಆಚೆಯ ಕಂಬಕ್ಕೆ ನಡೆದ.

ಸೊಂಟಕ್ಕೆ ಬೆಲ್ಟು ಬಿಗಿದ ಚಂದ್ರಶಾ ಜೀಪಿನ ಕಡೆ ಹೋಗಲಿಲ್ಲ. ಅವಳೆದುರು ಬಂದು, ತನ್ನ ಫೋನನ್ನು ಅವಳ ಅಂಗೈಯಲ್ಲಿಟ್ಟ. ಬೆರಳುಗಳು ಒಂದು ಕ್ಷಣ ಅಲ್ಲೇ ಉಳಿದವು.

"ಇದು ನಿಮ್ಮ ಹಂತ್ಯಾಕ ಇರ್ಲಿ."

"ಎಲ್ಲಿತನಾ?"

"ಇಳಿದು ಬಂದು ಕೇಳೋತನಾ. ಪ್ರತಿ ಸಲ... ಜೀವ ಇರೋತನಾ."

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆನ್ನೆ ಬಿಸಿಯಾಯಿತು. ಈ ಸಲದ ನಾಚಿಕೆಯಲ್ಲಿ ತಲೆ ತಗ್ಗಿಸುವಂಥದ್ದೇನೂ ಇರಲಿಲ್ಲ. ಅವನ ಕಣ್ಣನ್ನೇ ನೋಡುತ್ತ, ಕಟ್ಟುಪಾಡಿನಂತೆ ಅವನ ಮಾತನ್ನೇ ತಿರುಗಿ ಹೇಳಿದಳು.

"ಇಳಿದು ಬಂದು ಕೇಳೋತನಾ. ಪ್ರತಿ ಸಲ. ಜೀವ ಇರೋತನಾ."

ಅವನು ನಕ್ಕು ಕಂಬ ಹತ್ತತೊಡಗಿದ. ಅವಳು ಕೆಳಗೆ ನಿಂತಳು, ಕಣ್ಣು ಕೀಳದೆ.